ಹ್ಯಾಂಕ್ ಗ್ರೀನ್‌ಬರ್ಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯಾಂಕ್ ಗ್ರೀನ್‌ಬರ್ಗ್ ಯಾರು?

ಅಮೆರಿಕದ ಬೇಸ್‌ಬಾಲ್ ದಾಂಡಿಗ. 1933ರಿಂದ 1946ರವರೆಗೆ ಡೆಟ್ರಾಯಿಟ್ ಟೈಗರ್ಸ್ ತಂಡಕ್ಕೆ, ಕೊನೆಯ ಒಂದು ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಆಡಿದರು. ಹುಟ್ಟಿದ್ದು 1911ರ ಜನವರಿ 1ರಂದು, ನ್ಯೂಯಾರ್ಕ್‌ನಲ್ಲಿ. ತಂದೆ ತಾಯಿ ರುಮೇನಿಯಾದಿಂದ ವಲಸೆ ಬಂದ ಯಹೂದಿಗಳು. ಬಲಗೈ ಹೊಡೆತ, ಆರಡಿ ದಾಟಿ ಸುಮಾರು ನಾಲ್ಕು ಅಂಗುಲದ ಎತ್ತರ, ಅದಕ್ಕೆ ತಕ್ಕ ಮೈಕಟ್ಟು. ಅಮೆರಿಕನ್ ಲೀಗ್‌ನಲ್ಲಿ (ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದು) ವರ್ಷದ ಅತಿ ಹೆಚ್ಚು ಹೋಮ್ ರನ್ ಹೊಡೆದವರ ಸಾಲಿನಲ್ಲಿ ನಾಲ್ಕು ಬಾರಿ ಮೊದಲಿಗರು, ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಎರಡು ಬಾರಿ. ಒಟ್ಟು 331 ಹೋಮ್ ರನ್, .313 ಬ್ಯಾಟಿಂಗ್ ಸರಾಸರಿ.

331 ಎಂದ ಕೂಡಲೇ ಈಗಿನ ಬೇಸ್‌ಬಾಲ್ ನೋಡುವವರು ಹುಬ್ಬೇರಿಸುವುದಿಲ್ಲ. ಆ ಸಂಖ್ಯೆ ಏಕೆ ಅಷ್ಟಕ್ಕೇ ನಿಂತಿತು ಎಂಬುದೇ ಈ ಆಟಗಾರನ ಕಥೆಯ ಮುಕ್ಕಾಲು ಭಾಗ.

ನನಗೆ ಕ್ರಿಕೆಟ್ ಮಾತ್ರ ಗೊತ್ತು. ಈ ಅಂಕಿಗಳನ್ನು ಹೇಗೆ ಓದಬೇಕು?

ನಾಲ್ಕು ವಿಷಯ ಗೊತ್ತಿದ್ದರೆ ಸಾಕು.

ಮೈದಾನದಲ್ಲಿ ನಾಲ್ಕು ನೆಲೆಗಳಿರುತ್ತವೆ. ಮೂರು ಬೇಸ್‌ಗಳು, ದಾಂಡಿಗ ನಿಲ್ಲುವ ಜಾಗವೇ ನಾಲ್ಕನೆಯದು, ಅದು ಹೋಮ್. ಮೂರನ್ನೂ ಸುತ್ತಿ ಹೋಮ್‌ಗೆ ಮರಳಿದರೆ ಒಂದು ಓಟ. ಚೆಂಡನ್ನು ಬೇಲಿಯಾಚೆ ಹೊಡೆದರೆ ಅದು ಹೋಮ್ ರನ್. ಹೊಡೆದವನ ಜೊತೆಗೆ ಆಗ ಬೇಸ್‌ಗಳ ಮೇಲೆ ನಿಂತಿದ್ದ ಸಹ ಆಟಗಾರರೆಲ್ಲರೂ ಹೋಮ್ ಸೇರುತ್ತಾರೆ. ಆದ್ದರಿಂದ ಒಂದು ಹೋಮ್ ರನ್‌ನಿಂದ ಒಂದೇ ಓಟ ಬರಬಹುದು, ನಾಲ್ಕೂ ಬರಬಹುದು.

ಹೊಡೆದು ಎರಡನೆಯ ಬೇಸ್ ತಲುಪಿದರೆ ಡಬಲ್.

ಬ್ಯಾಟಿಂಗ್ ಸರಾಸರಿ ಎಂದರೆ ಇಲ್ಲಿ ಓಟಗಳ ಲೆಕ್ಕವಲ್ಲ. ಹತ್ತು ಅವಕಾಶಗಳಲ್ಲಿ ಮೂರು ಬಾರಿ ಸರಿಯಾಗಿ ಹೊಡೆದು ಬೇಸ್ ಸೇರಿದರೆ .300. ಅಷ್ಟು ಸಾಧಿಸಿದವನು ಒಳ್ಳೆಯ ದಾಂಡಿಗ. ಹತ್ತರಲ್ಲಿ ಏಳು ಬಾರಿ ಸೋಲುವುದನ್ನು ಹೊಗಳುವ ಆಟವಿದು.

ಕೊನೆಯದು ಆರ್‌ಬಿಐ. ಒಬ್ಬ ದಾಂಡಿಗನ ಹೊಡೆತದಿಂದ ಹೋಮ್ ಸೇರಿದ ಒಟ್ಟು ಓಟಗಳ ಎಣಿಕೆ ಇದು. ಗ್ರೀನ್‌ಬರ್ಗ್ ತಮ್ಮ ಆಟವನ್ನು ಅಳೆದುಕೊಳ್ಳುತ್ತಿದ್ದದ್ದು ಇದರಲ್ಲೇ. ಆ ಕಾಲದಲ್ಲಿ ಒಂದು ಋತುವಿಗೆ 154 ಪಂದ್ಯ. ನೂರು ಆರ್‌ಬಿಐ ದಾಟಿದರೆ ದೊಡ್ಡ ವರ್ಷ.

ನ್ಯೂಯಾರ್ಕ್‌ನ ಹುಡುಗ ಯಾಂಕೀಸ್ ತಂಡ ಸೇರಲಿಲ್ಲವೇಕೆ?

ಯಾಂಕೀಸ್ ಕರೆದಿದ್ದರು. ಬ್ರಾಂಕ್ಸ್‌ನಲ್ಲಿ, ಅವರ ಮೈದಾನ ಇರುವ ಬಡಾವಣೆಯಲ್ಲೇ ಬೆಳೆದ ಹುಡುಗ ಒಲ್ಲೆ ಎಂದ. ಕಾರಣ ಲೂ ಗೆರಿಗ್. ಗ್ರೀನ್‌ಬರ್ಗ್ ಆಡುತ್ತಿದ್ದದ್ದು ಮೊದಲ ಬೇಸ್‌ನಲ್ಲಿ, ಯಾಂಕೀಸ್‌ನ ಮೊದಲ ಬೇಸ್‌ನಲ್ಲಿ ಗೆರಿಗ್ ಒಂದು ಪಂದ್ಯವನ್ನೂ ತಪ್ಪಿಸದೆ ಬೇರು ಬಿಟ್ಟಿದ್ದರು. ಅವರ ಹಿಂದೆ ಕಾಯುತ್ತಾ ಕೂರುವುದು ಬೇಡವೆಂದು 1929ರಲ್ಲಿ ಡೆಟ್ರಾಯಿಟ್ ಜೊತೆ 9,000 ಡಾಲರ್‌ಗೆ ಒಪ್ಪಂದ ಮಾಡಿಕೊಂಡರು. ಗೆರಿಗ್ ಅವರ ಆ ಸರಣಿ 1939ರವರೆಗೆ ಮುರಿಯಲಿಲ್ಲ. ಹದಿನೆಂಟರ ಹುಡುಗನ ಲೆಕ್ಕ ಸರಿಯಾಗಿತ್ತು.

1930ರಲ್ಲಿ ದೊಡ್ಡ ತಂಡದಲ್ಲಿ ಒಂದೇ ಒಂದು ಬಾರಿ ಬ್ಯಾಟ್ ಹಿಡಿದು, ಮತ್ತೆ ಕೆಳಹಂತದ ತಂಡಗಳಲ್ಲಿ ಪಳಗಿ, 1933ರಲ್ಲಿ ಡೆಟ್ರಾಯಿಟ್‌ನಲ್ಲಿ ನೆಲೆ ನಿಂತರು.

ಹುಟ್ಟು ಪ್ರತಿಭೆಯೇ?

ಅಲ್ಲ. ಇದನ್ನು ಒತ್ತಿ ಹೇಳಬೇಕು. ಚಪ್ಪಟೆ ಪಾದ, ನಿಧಾನ ಓಟ, ಚೆಂಡು ಹಿಡಿಯುವಾಗ ತಡವರಿಕೆ. ಚಿಕ್ಕಂದಿನಲ್ಲಿ ಈ ಉದ್ದನೆಯ ಹುಡುಗನನ್ನು ನೋಡಿ ನಕ್ಕವರೇ ಹೆಚ್ಚು. ಅವರು ಮಾಡಿದ್ದು ಅಭ್ಯಾಸ. ಪಂದ್ಯಕ್ಕೆ ಮುಂಚೆ, ಪಂದ್ಯ ಮುಗಿದ ಮೇಲೆ, ಯಾರು ಸಿಕ್ಕರೂ ಸರಿ, ಮೈದಾನದ ಕೆಲಸಗಾರರೋ ಕಡಲೆಕಾಯಿ ಮಾರುವವರೋ, ಕೈಗೆ ಒಂದಷ್ಟು ಕಾಸು ಕೊಟ್ಟು ಚೆಂಡು ಎಸೆಯಲು, ಹೆಕ್ಕಿ ತರಲು ನಿಲ್ಲಿಸಿಕೊಳ್ಳುತ್ತಿದ್ದರು. ಯಾಂಕೀಸ್‌ನ ಹೋಮ್ ರನ್ ಸರದಾರ ಬೇಬ್ ರೂತ್ ಅವರಂತೆ ದಂತಕಥೆಯಾಗುವ ಗುಣ ಈ ಮನುಷ್ಯನಲ್ಲಿ ಇರಲಿಲ್ಲ. ಕಾರ್ಖಾನೆಗಳ ಊರಾದ ಡೆಟ್ರಾಯಿಟ್ ಅವರನ್ನು ಮೆಚ್ಚಿಕೊಂಡದ್ದಕ್ಕೆ ಅದೂ ಒಂದು ಕಾರಣವಿರಬೇಕು ಎಂಬುದು ನನ್ನ ಊಹೆ.

1934ರ ಹಬ್ಬದ ಪ್ರಸಂಗ ಎಂದು ಹೇಳುತ್ತಾರಲ್ಲ, ಅದೇನು?

ಆ ವರ್ಷ ಡೆಟ್ರಾಯಿಟ್ 1909ರ ನಂತರ ಮೊದಲ ಬಾರಿಗೆ ಲೀಗ್ ಗೆಲ್ಲುವ ಹಾದಿಯಲ್ಲಿತ್ತು. ಬೆನ್ನಿಗೆ ಯಾಂಕೀಸ್. ಗ್ರೀನ್‌ಬರ್ಗ್ ಭರ್ಜರಿ ಲಯದಲ್ಲಿದ್ದರು; ಆ ಋತುವಿನಲ್ಲಿ 63 ಡಬಲ್ ಹೊಡೆದರು. ಸೆಪ್ಟೆಂಬರ್‌ನಲ್ಲಿ ಯಹೂದಿಗಳ ಹೊಸ ವರ್ಷವಾದ ರೋಷ್ ಹಶಾನಾ, ಅದರ ಬೆನ್ನಿಗೇ ಉಪವಾಸ ಪ್ರಾರ್ಥನೆಗಳ ಯೋಮ್ ಕಿಪ್ಪೂರ್. ಆ ದಿನಗಳಲ್ಲಿ ಕೆಲಸ ಮಾಡುವಂತಿಲ್ಲ. ಆಟ ಅವರ ಕೆಲಸ. ಆಡಬೇಕೇ, ಬಿಡಬೇಕೇ? ಊರಿಗೆ ಊರೇ ಚರ್ಚೆಗಿಳಿಯಿತು. ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ ಅಭಿಪ್ರಾಯ ಪತ್ರಿಕೆಗಳಲ್ಲಿ ಅಚ್ಚಾಯಿತು.

ಸೆಪ್ಟೆಂಬರ್ 10, ಹೊಸ ವರ್ಷದ ದಿನ, ಕೊನೇ ಗಳಿಗೆಯವರೆಗೆ ತೂಗಾಡಿ ಆಡಿದರು. ಬಾಸ್ಟನ್ ವಿರುದ್ಧ ಡೆಟ್ರಾಯಿಟ್ 2–1ರಿಂದ ಗೆದ್ದಿತು. ಆ ಎರಡು ಓಟಗಳೂ ಗ್ರೀನ್‌ಬರ್ಗ್ ಹೊಡೆದ ಎರಡು ಹೋಮ್ ರನ್‌ಗಳು. ಎರಡನೆಯದು ಒಂಬತ್ತನೆಯ, ಅಂದರೆ ಕೊನೆಯ ಇನ್ನಿಂಗ್ಸ್‌ನಲ್ಲಿ, ಪಂದ್ಯವನ್ನೇ ಮುಗಿಸಿದ್ದು.

ಸೆಪ್ಟೆಂಬರ್ 19, ಯೋಮ್ ಕಿಪ್ಪೂರ್. ಅಂದು ಆಡಲಿಲ್ಲ, ಪ್ರಾರ್ಥನಾ ಮಂದಿರಕ್ಕೆ ಹೋದರು. ಒಳಗೆ ಕಾಲಿಟ್ಟಾಗ ಅಲ್ಲಿದ್ದವರು ಪ್ರಾರ್ಥನೆ ನಿಲ್ಲಿಸಿ ಚಪ್ಪಾಳೆ ತಟ್ಟಿದರಂತೆ. ಡೆಟ್ರಾಯಿಟ್ ಯಾಂಕೀಸ್‌ಗೆ ಸೋತಿತು, ಆದರೂ ಲೀಗ್ ಕೈ ತಪ್ಪಲಿಲ್ಲ. ಒಂದು ಸಣ್ಣ ಸಂಗತಿ: ಆ ವರ್ಷ ಡೆಟ್ರಾಯಿಟ್‌ನ ಒಳಮೈದಾನದ ಉಳಿದ ಮೂವರೂ 154ಕ್ಕೆ 154 ಪಂದ್ಯ ಆಡಿದರು. ಗ್ರೀನ್‌ಬರ್ಗ್ 153.

ಧರ್ಮಶ್ರದ್ಧೆಯ ಆದರ್ಶವಾಗಿ ಈ ಕಥೆಯನ್ನು ಹೇಳುವವರು ಮೊದಲ ದಿನದ ಎರಡು ಹೋಮ್ ರನ್‌ಗಳನ್ನು ಬಿಟ್ಟುಬಿಡುತ್ತಾರೆ. ಗ್ರೀನ್‌ಬರ್ಗ್ ಅಂಥ ಕಟ್ಟಾ ಸಂಪ್ರದಾಯಸ್ಥರೇನೂ ಆಗಿರಲಿಲ್ಲ. ಇಪ್ಪತ್ತಮೂರರ ಯುವಕನೊಬ್ಬ ಮನೆಯವರ ಮನಸ್ಸನ್ನೂ ತಂಡದ ಅಗತ್ಯವನ್ನೂ ಎರಡು ದಿನಗಳಿಗೆ ಹಂಚಿಬಿಟ್ಟ. ನನಗೆ ಈ ಕಥೆ ಇಷ್ಟವಾಗುವುದು ಆ ಹೊಂದಾಣಿಕೆಯಿಂದಲೇ.

ಮೈದಾನದಲ್ಲಿ ನಿಂದನೆ ಎದುರಿಸಿದ್ದು ನಿಜವೇ?

ದಿನವೂ. ಡೆಟ್ರಾಯಿಟ್ ಎಂದರೆ 1920ರ ದಶಕದಲ್ಲಿ ಹೆನ್ರಿ ಫೋರ್ಡ್ ಅವರ ಪತ್ರಿಕೆ ಯಹೂದಿಗಳ ಮೇಲೆ ವಿಷ ಕಾರಿದ ಪ್ರದೇಶ. 1930ರ ದಶಕದಲ್ಲಿ ಪಾದ್ರಿ ಚಾರ್ಲ್ಸ್ ಕಾಫ್ಲಿನ್ ಅದನ್ನೇ ರೇಡಿಯೊದಲ್ಲಿ ಮುಂದುವರಿಸಿದ ಪ್ರದೇಶ. ಪ್ರೇಕ್ಷಕರಷ್ಟೇ ಅಲ್ಲ, ಎದುರಾಳಿ ತಂಡಗಳ ಬೆಂಚಿನಿಂದಲೂ ಜಾತಿ ಎತ್ತಿ ಬೈಗುಳ ಬರುತ್ತಿತ್ತು. 1935ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಎರಡು ಲೀಗ್‌ಗಳ ವಿಜೇತರ ನಡುವಿನ ಅಂತಿಮ ಸರಣಿಯಲ್ಲಿ, ಚಿಕಾಗೊ ಕಬ್ಸ್ ಆಟಗಾರರ ಮಾತು ಎಲ್ಲೆ ಮೀರಿ, ಅಂಪೈರ್ ಜಾರ್ಜ್ ಮೊರಿಯಾರ್ಟಿ ಅವರ ಬೆಂಚಿಗೇ ಹೋಗಿ ಎಚ್ಚರಿಸಬೇಕಾಯಿತು.

ಹಿಟ್ಲರ್ ಬಲಿಯುತ್ತಿದ್ದ ವರ್ಷಗಳವು. ತಾನು ಹೊಡೆಯುವ ಪ್ರತಿ ಹೋಮ್ ರನ್ ಹಿಟ್ಲರ್ ವಿರುದ್ಧದ ಹೊಡೆತವೆಂದು ಅನ್ನಿಸತೊಡಗಿತ್ತು ಎಂದು ಗ್ರೀನ್‌ಬರ್ಗ್ ಮುಂದೆ ಹೇಳಿಕೊಂಡಿದ್ದಾರೆ.

1935ರಲ್ಲಿ ಅತ್ಯುತ್ತಮ ಆಟಗಾರ. 1936ರಲ್ಲಿ ಹನ್ನೆರಡೇ ಪಂದ್ಯ. ಏನಾಯಿತು?

ಮಣಿಕಟ್ಟು. 1935ರಲ್ಲಿ ಅವರು 36 ಹೋಮ್ ರನ್ ಹೊಡೆದು, ಋತುವಿನ ಮಧ್ಯಕ್ಕೇ ನೂರು ಆರ್‌ಬಿಐ ದಾಟಿದ್ದರು. ಆದರೂ ಆ ವರ್ಷ ಲೀಗ್‌ನ ಆಯ್ದ ಆಟಗಾರರ ಆಲ್ ಸ್ಟಾರ್ ತಂಡದಲ್ಲಿ ಜಾಗ ಸಿಗಲಿಲ್ಲ. ಅದೇ ಬೇಸ್‌ನಲ್ಲಿ ಗೆರಿಗ್ ಮತ್ತು ಜಿಮ್ಮಿ ಫಾಕ್ಸ್ ಇದ್ದರು. ವರ್ಷದ ಕೊನೆಗೆ ಅತ್ಯುತ್ತಮ ಆಟಗಾರ ಪ್ರಶಸ್ತಿ ಸರ್ವಾನುಮತದಿಂದ ಬಂತು. ವರ್ಲ್ಡ್ ಸೀರೀಸ್‌ನ ಎರಡನೆಯ ಪಂದ್ಯದಲ್ಲಿ ಹೋಮ್‌ಗೆ ಓಡುವಾಗ ಕಬ್ಸ್‌ನ ಗ್ಯಾಬಿ ಹಾರ್ಟ್‌ನೆಟ್‌ಗೆ ಡಿಕ್ಕಿ ಹೊಡೆದು ಮಣಿಕಟ್ಟು ಮುರಿಯಿತು. ಅವರಿಲ್ಲದೆಯೇ ಡೆಟ್ರಾಯಿಟ್ ಗೆದ್ದಿತು, ಅದೂ ಆ ತಂಡದ ಚೊಚ್ಚಲ ವರ್ಲ್ಡ್ ಸೀರೀಸ್ ಗೆಲುವು. ಮರುವರ್ಷ ಏಪ್ರಿಲ್‌ನಲ್ಲಿ ಇನ್ನೊಂದು ಡಿಕ್ಕಿ, ಅದೇ ಮಣಿಕಟ್ಟು ಮತ್ತೆ ಮುರಿಯಿತು.

ಅವರ ಕೆಲಸ ಮುಗಿಯಿತೆಂದು ಬರೆದವರಿದ್ದರು. 1937ರಲ್ಲಿ ಮರಳಿ ಬಂದು 183 ಆರ್‌ಬಿಐ ದಾಖಲಿಸಿದರು. ಅಮೆರಿಕನ್ ಲೀಗ್‌ನ ದಾಖಲೆ ಗೆರಿಗ್ ಅವರ 184. ಒಂದೇ ಒಂದು ಓಟ ಕಡಿಮೆ. ಮರುವರ್ಷದ 58 ಹೋಮ್ ರನ್‌ಗಳಿಗಿಂತ ಈ ಒಂದು ಓಟ ಅವರನ್ನು ಹೆಚ್ಚು ಕಾಡಿತು. ಅವರಿಗೆ ಮುಂಚೆ ಆಡಲು ಬರುತ್ತಿದ್ದ ಚಾರ್ಲಿ ಗೆಹ್ರಿಂಗರ್‌ಗೆ ಅವರ ಕೋರಿಕೆ ಒಂದೇ ಆಗಿತ್ತು: ಓಡುವವನನ್ನು ಮೂರನೆಯ ಬೇಸ್‌ವರೆಗೆ ತಲುಪಿಸು ಸಾಕು, ಹೋಮ್‌ಗೆ ನಾನು ತರುತ್ತೇನೆ.

1938ರಲ್ಲಿ ಬೇಬ್ ರೂತ್ ದಾಖಲೆ ಮುರಿಯದಂತೆ ಬೇಕೆಂದೇ ತಡೆದರೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಅತಿ ಹೆಚ್ಚು ಸುಳ್ಳು ಉತ್ತರ ಸಿಗುವುದೂ ಇದಕ್ಕೇ.

ರೂತ್ 1927ರಲ್ಲಿ 60 ಹೋಮ್ ರನ್ ಹೊಡೆದಿದ್ದರು. 1938ರ ಸೆಪ್ಟೆಂಬರ್ ಕೊನೆಗೆ ಗ್ರೀನ್‌ಬರ್ಗ್ 58ಕ್ಕೆ ಬಂದಾಗ ಇನ್ನೂ ಐದು ಪಂದ್ಯ ಬಾಕಿ. ಐದರಲ್ಲೂ ಒಂದೂ ಬರಲಿಲ್ಲ. ಯಹೂದಿಯೊಬ್ಬ ರೂತ್ ದಾಖಲೆ ಮುರಿಯಬಾರದೆಂದು ಪಿಚರ್‌ಗಳು (ದಾಂಡಿಗನಿಗೆ ಚೆಂಡು ಎಸೆಯುವವರು) ಹೊಡೆಯಲಾಗದ ಚೆಂಡುಗಳನ್ನೇ ಎಸೆದರು ಎಂಬ ಮಾತು ಅಂದಿನಿಂದಲೂ ಇದೆ. ಪಿಚರ್ ನಾಲ್ಕು ಬಾರಿ ಹೀಗೆ ಎಸೆದರೆ ದಾಂಡಿಗ ಹೊಡೆಯದೆಯೇ ಮೊದಲ ಬೇಸ್‌ಗೆ ನಡೆಯುತ್ತಾನೆ. ಆ ವರ್ಷ ಗ್ರೀನ್‌ಬರ್ಗ್‌ಗೆ ಇಂಥ ನಡಿಗೆ 119 ಬಾರಿ ಸಿಕ್ಕಿತ್ತು.

ಆದರೆ ಆ ಕೊನೆಯ ದಿನ ನಡೆದದ್ದನ್ನು ನೋಡಿ. ಅಕ್ಟೋಬರ್ 2, ಕ್ಲೀವ್‌ಲ್ಯಾಂಡ್, ಒಂದೇ ದಿನ ಎರಡು ಪಂದ್ಯ. ಆಡಿದ್ದು ವಿಶಾಲವಾದ ಮುನ್ಸಿಪಲ್ ಸ್ಟೇಡಿಯಂನಲ್ಲಿ, ಬೇಲಿ ಬಹಳ ದೂರ. ಎದುರಿಗೆ ಹತ್ತೊಂಬತ್ತು ವರ್ಷದ ಬಾಬ್ ಫೆಲ್ಲರ್, ಆ ಕಾಲದ ಅತಿ ವೇಗದ ಪಿಚರ್‌ಗಳಲ್ಲಿ ಒಬ್ಬ. ಫೆಲ್ಲರ್ ಅಂದು 18 ಬಾರಿ ದಾಂಡಿಗರನ್ನು ಸ್ಟ್ರೈಕ್ ಔಟ್ ಮಾಡಿ (ಮೂರು ಸರಿಯಾದ ಎಸೆತಗಳನ್ನು ಹೊಡೆಯಲಾಗದಿದ್ದರೆ ಔಟ್) ಹೊಸ ದಾಖಲೆ ಬರೆದ. ಆ ಹದಿನೆಂಟರಲ್ಲಿ ಎರಡು ಗ್ರೀನ್‌ಬರ್ಗ್ ಅವರವು. ಇಷ್ಟಾದರೂ ಪಂದ್ಯ ಗೆದ್ದದ್ದು ಡೆಟ್ರಾಯಿಟ್ ಎಂಬುದು ಬೇಸ್‌ಬಾಲ್‌ನ ಕೀಟಲೆ. ಎರಡನೆಯ ಪಂದ್ಯ ಸಾಗುತ್ತಿದ್ದಂತೆ ಕತ್ತಲು ಕವಿಯಿತು. ಆಟ ನಿಲ್ಲಿಸಿದ ಅಂಪೈರ್ ಅದೇ ಮೊರಿಯಾರ್ಟಿ, ಮೂರು ವರ್ಷಗಳ ಹಿಂದೆ ಗ್ರೀನ್‌ಬರ್ಗ್ ಪರವಾಗಿ ಕಬ್ಸ್ ಬೆಂಚಿಗೆ ಹೋಗಿ ಎಚ್ಚರಿಸಿದ್ದವರು. ದ್ವೇಷದ ಕಥೆ ಕಟ್ಟುವವರಿಗೆ ಈ ಒಂದು ಹೆಸರು ಬಹಳ ತೊಡಕು.

ಗ್ರೀನ್‌ಬರ್ಗ್ ಸ್ವತಃ ಆ ಮಾತನ್ನು ಬದುಕಿರುವವರೆಗೂ ತಳ್ಳಿಹಾಕಿದರು. ದಣಿದಿದ್ದೆ, ಅವಕಾಶ ಮುಗಿಯಿತು, ಅಷ್ಟೇ ಎನ್ನುವ ಧಾಟಿ ಅವರದು. ಬೈಗುಳವನ್ನು ದಿನವೂ ಕೇಳಿದ ಮನುಷ್ಯನೇ ಇದರಲ್ಲಿ ಸಂಚಿಲ್ಲ ಎಂದರೆ ನಾವು ಯಾರು ಇದೆ ಎನ್ನಲು?

58 ಬಲಗೈ ದಾಂಡಿಗರ ಮಟ್ಟಿಗೆ ಫಾಕ್ಸ್ 1932ರಲ್ಲಿ ಮಾಡಿದ ದಾಖಲೆಗೆ ಸಮ. ಅದನ್ನು ಬಲಗೈ ದಾಂಡಿಗರು ದಾಟಿದ್ದು 1998ರಲ್ಲಿ.

1940ರಲ್ಲಿ ಮೊದಲ ಬೇಸ್ ಬಿಟ್ಟದ್ದು ಏಕೆ?

ತಂಡದಲ್ಲಿ ರೂಡಿ ಯಾರ್ಕ್ ಎಂಬ ಇನ್ನೊಬ್ಬ ಬಲಶಾಲಿ ಇದ್ದರು. ಹೊಡೆತ ಅಮೋಘ, ನಿಲ್ಲಿಸಲು ಮಾತ್ರ ಮೊದಲ ಬೇಸ್ ಬಿಟ್ಟು ಬೇರೆ ಜಾಗವಿಲ್ಲ. ಗ್ರೀನ್‌ಬರ್ಗ್‌ಗೆ ಎಡ ಹೊರಮೈದಾನಕ್ಕೆ ಹೋಗಲು ಹೇಳಿದರು. ಅವರು ಪುಕ್ಕಟೆಗೆ ಒಪ್ಪಲಿಲ್ಲ, 10,000 ಡಾಲರ್ ಹೆಚ್ಚುವರಿ ಪಡೆದು ಒಪ್ಪಿದರು. ತ್ಯಾಗವೆಂದು ಬಣ್ಣಿಸುವವರು ಈ ಹಣದ ಮಾತನ್ನೂ ನೆನಪಿಡಬೇಕು. ಮತ್ತದೇ ಅಭ್ಯಾಸ. ಆ ವರ್ಷ .340, 41 ಹೋಮ್ ರನ್, 50 ಡಬಲ್, 150 ಆರ್‌ಬಿಐ. ಡೆಟ್ರಾಯಿಟ್‌ಗೆ ಲೀಗ್, ಅವರಿಗೆ ಎರಡನೆಯ ಬಾರಿ ಅತ್ಯುತ್ತಮ ಆಟಗಾರ ಪ್ರಶಸ್ತಿ. ಎರಡು ಬೇರೆ ಬೇರೆ ಸ್ಥಾನಗಳಲ್ಲಿ ಆಡಿ ಈ ಪ್ರಶಸ್ತಿ ಗೆದ್ದ ಮೊದಲಿಗರು ಅವರೇ.

ಯುದ್ಧದಲ್ಲಿ ಏನು ಮಾಡಿದರು? ಭಾರತದ ನಂಟು ಇದೆಯೇ?

1941ರ ಮೇ 6ರಂದು ಯಾಂಕೀಸ್ ವಿರುದ್ಧ ಎರಡು ಹೋಮ್ ರನ್ ಹೊಡೆದು, ಮರುದಿನ ಸೈನ್ಯಕ್ಕೆ ಸೇರಿದರು. ಆಗ ಅವರ ವಾರ್ಷಿಕ ಸಂಬಳ ಸುಮಾರು 55,000 ಡಾಲರ್, ಸಾಮಾನ್ಯ ಸೈನಿಕನಿಗೆ ತಿಂಗಳಿಗೆ 21 ಡಾಲರ್. ಇಪ್ಪತ್ತೆಂಟು ದಾಟಿದವರನ್ನು ಬಿಡುವ ನಿಯಮ ಬಂದು ಡಿಸೆಂಬರ್ 5ರಂದು ಬಿಡುಗಡೆಯಾಯಿತು. ಎರಡು ದಿನ ಕಳೆದು ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿತ್ತು. ಯಾರೂ ಕರೆಯದಿದ್ದರೂ ಮತ್ತೆ ಹೋಗಿ ಸೇರಿಕೊಂಡರು.

ವಾಯುದಳದಲ್ಲಿ ಕ್ಯಾಪ್ಟನ್ ಆಗಿ, 1944ರಲ್ಲಿ ಚೀನಾ–ಬರ್ಮಾ–ಭಾರತ ರಣರಂಗಕ್ಕೆ ಬಂದರು. ಅವರಿದ್ದದ್ದು ಬಿ–29 ಬಾಂಬರ್‌ಗಳ ಪಡೆಯಲ್ಲಿ. ಈ ವಿಮಾನಗಳ ಮೂಲ ನೆಲೆ ಬಂಗಾಳದ ಖರಗ್‌ಪುರದ ಸುತ್ತಮುತ್ತ. ಅಲ್ಲಿಂದ ಇಂಧನ, ಬಾಂಬುಗಳನ್ನು ಹೊತ್ತು ಹಿಮಾಲಯ ದಾಟಿ ಚೀನಾದ ಚೆಂಗ್ಡುವಿಗೆ ಹೋಗಿ, ಅಲ್ಲಿಂದ ಜಪಾನಿನ ಮೇಲೆ ದಾಳಿ. ಚೀನಾದ ನೆಲೆಯಲ್ಲಿ ಒಮ್ಮೆ ಬಿ–29 ಒಂದು ಮೇಲೇರಲಾಗದೆ ರನ್‌ವೇ ತುದಿಯಲ್ಲಿ ಮುಗ್ಗರಿಸಿತು. ಒಳಗಿದ್ದವರನ್ನು ಕಾಪಾಡಲು ಗ್ರೀನ್‌ಬರ್ಗ್ ಓಡುತ್ತಿದ್ದಾಗಲೇ ಬಾಂಬುಗಳು ಸಿಡಿದವು. ಎರಡು ದಿನ ಅವರಿಗೆ ಕಿವಿ ಕೇಳಿಸಲಿಲ್ಲ, ಮಾತು ಹೊರಡಲಿಲ್ಲ. ವಿಮಾನದಲ್ಲಿದ್ದವರು ಬದುಕಿ ಉಳಿದರು.

ಕನ್ನಡದ ಓದುಗರಿಗೆಂದು ಒಂದು ಪಕ್ಕದ ಮಾತು: ಇದೇ ರಣರಂಗದ ಅಮೆರಿಕದ ವಿಮಾನಗಳ ದುರಸ್ತಿಗೆ 1943ರಿಂದ ದೊಡ್ಡ ಕೇಂದ್ರವಾಗಿದ್ದದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ. ಗ್ರೀನ್‌ಬರ್ಗ್ ಬೆಂಗಳೂರಿಗೆ ಬಂದಿದ್ದರು ಎಂದು ಇದನ್ನು ಯಾರೂ ಹಿಗ್ಗಿಸಬೇಡಿ.

ಮರಳಿದ ಮೇಲೆ ಆಟ ಉಳಿದಿತ್ತೇ?

1945ರ ಜುಲೈ 1ರಂದು ಡೆಟ್ರಾಯಿಟ್‌ನಲ್ಲಿ, ನಾಲ್ಕು ವರ್ಷಗಳ ನಂತರದ ಮೊದಲ ಪಂದ್ಯದಲ್ಲೇ ಹೋಮ್ ರನ್ ಹೊಡೆದರು. ಮೂವತ್ತನಾಲ್ಕರ ವಯಸ್ಸು. ಕೈಯಲ್ಲಿ ಬೊಬ್ಬೆ, ಕಾಲಲ್ಲಿ ನೋವು.

ಸೆಪ್ಟೆಂಬರ್ 30, ಸೇಂಟ್ ಲೂಯಿಸ್. ಗೆದ್ದರೆ ಲೀಗ್ ಡೆಟ್ರಾಯಿಟ್‌ನದು. ಮಳೆ ತೊಟ್ಟಿಕ್ಕುತ್ತಿದೆ, ಬೆಳಕು ಇಳಿಯುತ್ತಿದೆ, ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಡೆಟ್ರಾಯಿಟ್ 2–3ರಿಂದ ಹಿಂದಿದೆ. ಮೂರೂ ಬೇಸ್‌ಗಳಲ್ಲಿ ಆಟಗಾರರಿದ್ದಾಗ ಗ್ರೀನ್‌ಬರ್ಗ್ ಬಂದರು. ಎಡಗಡೆಯ ಬೇಲಿಯಾಚೆ ಹೊಡೆದರು. ನಾಲ್ಕು ಓಟ, 6–3. ನಂತರ ವರ್ಲ್ಡ್ ಸೀರೀಸ್‌ನಲ್ಲಿ ಕಬ್ಸ್ ಅನ್ನು ಏಳು ಪಂದ್ಯಗಳಲ್ಲಿ ಸೋಲಿಸಿದರು. ಅವರ ವೃತ್ತಿಯ ಒಂದೇ ಹೊಡೆತವನ್ನು ಆರಿಸು ಎಂದರೆ ನಾನು 58ನೆಯದನ್ನಲ್ಲ, ಇದನ್ನು ಆರಿಸುತ್ತೇನೆ.

1946ರಲ್ಲಿ 44 ಹೋಮ್ ರನ್, 127 ಆರ್‌ಬಿಐ. ಎರಡರಲ್ಲೂ ಲೀಗ್‌ಗೆ ಮೊದಲಿಗರು.

ಯುದ್ಧ ಇಲ್ಲದಿದ್ದರೆ ಎಷ್ಟು ಹೋಮ್ ರನ್ ಆಗುತ್ತಿತ್ತು?

ಐನೂರರ ಆಸುಪಾಸು ಎಂದು ಲೆಕ್ಕ ಹಾಕುವವರಿದ್ದಾರೆ, ಅಸಂಭವವೇನಲ್ಲ. 1936, 1941 ಹೆಚ್ಚೂಕಡಿಮೆ ಪೂರ್ತಿ ಹೋದವು, 1942, 43, 44 ಪೂರ್ತಿಯಾಗಿ, 1945ರಲ್ಲಿ ಅರ್ಧ. ಪೂರ್ಣ ಋತುಗಳು ಅವರಿಗೆ ದಕ್ಕಿದ್ದು ಒಂಬತ್ತೇ. ಕಳೆದುಹೋದದ್ದು ಮೂವತ್ತರಿಂದ ಮೂವತ್ತನಾಲ್ಕರ ನಡುವಿನ ವಯಸ್ಸು, ದಾಂಡಿಗನ ತೋಳು ಮತ್ತು ತಲೆ ಎರಡೂ ಒಟ್ಟಿಗೆ ಕೆಲಸ ಮಾಡುವ ಕಾಲ.

ನನಗೆ ಮಾತ್ರ ಈ ಊಹೆಯ ಲೆಕ್ಕ ರುಚಿಸುವುದಿಲ್ಲ. ಇರುವ ಲೆಕ್ಕವೇ ಸಾಕಷ್ಟು ಹೇಳುತ್ತದೆ: 1,394 ಪಂದ್ಯಗಳಲ್ಲಿ ಸುಮಾರು 1,275 ಆರ್‌ಬಿಐ. ಪ್ರತಿ ಹತ್ತು ಪಂದ್ಯಕ್ಕೆ ಒಂಬತ್ತಕ್ಕೂ ಹೆಚ್ಚು. ಈ ಪ್ರಮಾಣದಲ್ಲಿ ಅವರ ಪಕ್ಕ ನಿಲ್ಲುವವರು ಗೆರಿಗ್‌ರಂಥ ಬೆರಳೆಣಿಕೆಯ ಮಂದಿ.

44 ಹೋಮ್ ರನ್ ಹೊಡೆದವರನ್ನು ಮಾರಿದ್ದೇಕೆ?

ಒಂದು ಹಳೆಯ ಫೋಟೋದಿಂದ ಎಂದರೆ ನಂಬುವುದು ಕಷ್ಟ. ಯುದ್ಧಕಾಲದ ಒಂದು ಸಹಾಯಾರ್ಥ ಪಂದ್ಯದಲ್ಲಿ ಟೈಗರ್ಸ್ ಸಮವಸ್ತ್ರ ಸಿಗದೆ ಯಾಂಕೀಸ್ ಅಂಗಿ ತೊಟ್ಟಿದ್ದರು. ಆ ಫೋಟೋ, ಗ್ರೀನ್‌ಬರ್ಗ್‌ಗೆ ಕೊನೆಯ ದಿನಗಳನ್ನು ಯಾಂಕೀಸ್‌ನಲ್ಲಿ ಕಳೆಯುವ ಆಸೆ ಎಂಬ ಬರಹದೊಂದಿಗೆ ಅಚ್ಚಾಯಿತು. ಡೆಟ್ರಾಯಿಟ್ ಮಾಲೀಕ ವಾಲ್ಟರ್ ಬ್ರಿಗ್ಸ್ ಕೆರಳಿದರು. ಸಂಬಳದ ತಿಕ್ಕಾಟವೂ ಇತ್ತು. 1947ರ ಜನವರಿಯಲ್ಲಿ ಇನ್ನೊಂದು ಲೀಗ್‌ನ ಪಿಟ್ಸ್‌ಬರ್ಗ್‌ಗೆ ಮಾರಿಬಿಟ್ಟರು. ಗ್ರೀನ್‌ಬರ್ಗ್‌ಗೆ ಸುದ್ದಿ ತಿಳಿದದ್ದು ರೇಡಿಯೊದಿಂದ.

ಆಟವನ್ನೇ ಬಿಡುತ್ತೇನೆಂದರು. ಪಿಟ್ಸ್‌ಬರ್ಗ್‌ನವರು ಭಾರಿ ಸಂಬಳ ಕೊಟ್ಟು ಓಲೈಸಿದರು. ವರ್ಷಕ್ಕೆ ಲಕ್ಷ ಡಾಲರ್ ಪಡೆದ ಮೊದಲ ಆಟಗಾರ ಎಂದು ಅವರನ್ನು ಹೆಸರಿಸುವುದು ಈ ಒಪ್ಪಂದದಿಂದ. ಸಾಲದೆಂದು ಎಡಗಡೆಯ ಬೇಲಿಯನ್ನೂ ಮೂವತ್ತು ಅಡಿ ಒಳಗೆ ತಂದರು. ಆ ಜಾಗಕ್ಕೆ ‘ಗ್ರೀನ್‌ಬರ್ಗ್ ಗಾರ್ಡನ್ಸ್’ ಎಂದು ಹೆಸರು ಬಿತ್ತು. ಅವರು ಹೊಡೆದದ್ದು 25 ಹೋಮ್ ರನ್, .249. ಬೇಲಿಯ ಲಾಭ ಪಡೆದದ್ದು ಅವರ ಶಿಷ್ಯನಂತಿದ್ದ ರಾಲ್ಫ್ ಕೈನರ್. ಹಿಂದಿನ ವರ್ಷದ 23ರಿಂದ ಆ ವರ್ಷ 51ಕ್ಕೆ ಜಿಗಿದರು.

ಜಾಕಿ ರಾಬಿನ್ಸನ್ ಜೊತೆಗಿನ ಘಟನೆ?

ಅದೂ 1947. ಆಧುನಿಕ ಮೇಜರ್ ಲೀಗ್‌ನ ಮೊದಲ ಕಪ್ಪು ಆಟಗಾರ ರಾಬಿನ್ಸನ್‌ರ ಮೊದಲ ವರ್ಷ, ಗ್ರೀನ್‌ಬರ್ಗ್‌ರ ಕೊನೆಯ ವರ್ಷ. ಮೇ ತಿಂಗಳ ಒಂದು ಪಂದ್ಯದಲ್ಲಿ ಮೊದಲ ಬೇಸ್‌ನಲ್ಲಿ ಇಬ್ಬರಿಗೂ ಡಿಕ್ಕಿಯಾಯಿತು. ಮುಂದೆ ಮತ್ತೆ ಎದುರಾದಾಗ ಗ್ರೀನ್‌ಬರ್ಗ್ ಪೆಟ್ಟಾಯಿತೇ ಎಂದು ವಿಚಾರಿಸಿ, ಇವರ ಮಾತಿಗೆ ಕಿವಿಗೊಡಬೇಡ, ನೀನು ಚೆನ್ನಾಗಿ ಆಡುತ್ತಿದ್ದೀಯ ಎಂಬರ್ಥದ ಮಾತಾಡಿದರು. ರಾಬಿನ್ಸನ್ ಅದನ್ನು ಪತ್ರಕರ್ತರ ಮುಂದೆ ಮನಸಾರೆ ಹೊಗಳಿದರು. ತಾನು ಪಟ್ಟದ್ದು ರಾಬಿನ್ಸನ್ ಪಾಡಿನ ಮುಂದೆ ಏನೂ ಅಲ್ಲ ಎಂಬುದು ಗ್ರೀನ್‌ಬರ್ಗ್ ನಿಲುವು.

1970ರಲ್ಲಿ ಕರ್ಟ್ ಫ್ಲಡ್ ಎಂಬ ಆಟಗಾರ, ಆಟಗಾರರನ್ನು ತಂಡದ ಆಸ್ತಿಯಂತೆ ಕಟ್ಟಿಹಾಕುವ ನಿಯಮವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದಾಗ ಅವರ ಪರ ಸಾಕ್ಷಿ ಹೇಳಿದ ಹಳೆಯ ಆಟಗಾರರಲ್ಲಿ ಈ ಇಬ್ಬರೂ ಇದ್ದರು. ರೇಡಿಯೊದಲ್ಲಿ ತನ್ನ ಮಾರಾಟದ ಸುದ್ದಿ ಕೇಳಿದವರಿಗೆ ಆ ಸಾಕ್ಷಿ ಕಷ್ಟವಾಗಿರಲಾರದು.

ನಿವೃತ್ತಿಯ ನಂತರ?

ಕ್ಲೀವ್‌ಲ್ಯಾಂಡ್ ತಂಡದ ಆಡಳಿತಕ್ಕೆ ಸೇರಿ ಜನರಲ್ ಮ್ಯಾನೇಜರ್ ಆದರು. ಅವರ ಕಾಲದಲ್ಲಿ, 1954ರಲ್ಲಿ ಆ ತಂಡ 111 ಪಂದ್ಯ ಗೆದ್ದು ವರ್ಲ್ಡ್ ಸೀರೀಸ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ಸೋತಿತು. 1959ರಲ್ಲಿ ತಂಡದ ಮಾಲೀಕ ಬಿಲ್ ವೀಕ್ ಜೊತೆ ಚಿಕಾಗೊ ವೈಟ್ ಸಾಕ್ಸ್‌ನಲ್ಲಿದ್ದರು. ಷೇರು ವ್ಯವಹಾರದಲ್ಲೂ ಕೈಹತ್ತಿತು. 1956ರಲ್ಲಿ ಬೇಸ್‌ಬಾಲ್‌ನ ಶ್ರೇಷ್ಠರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಆಯ್ಕೆ, ಆ ಗೌರವ ಪಡೆದ ಮೊದಲ ಯಹೂದಿ ಆಟಗಾರ. 1983ರಲ್ಲಿ ಡೆಟ್ರಾಯಿಟ್ ಅವರ 5ನೆಯ ಸಂಖ್ಯೆಯ ಅಂಗಿಯನ್ನೂ ಗೆಹ್ರಿಂಗರ್ ಅವರ 2ನೆಯದನ್ನೂ ಒಂದೇ ದಿನ ನಿವೃತ್ತಿಗೊಳಿಸಿತು. 1986ರ ಸೆಪ್ಟೆಂಬರ್ 4ರಂದು ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್‌ನಲ್ಲಿ ತೀರಿಕೊಂಡರು.

ಒಂದು ಕಡೆ 183 ಎಂದಿದೆ, ಇನ್ನೊಂದು ಕಡೆ 184. ಯಾವುದು ಸರಿ?

ಹಳೆಯ ಪುಸ್ತಕಗಳಲ್ಲಿ 1937ರ ಆರ್‌ಬಿಐ 183, ಹೊಸ ಪಟ್ಟಿಗಳಲ್ಲಿ 184. ಹಾಗೆಯೇ 1935ರದ್ದು 170 ಇದ್ದದ್ದು 168 ಆಗಿದೆ. ಸಂಶೋಧಕರು ಆ ಕಾಲದ ಪಂದ್ಯಗಳ ದಾಖಲೆಗಳನ್ನು ಒಂದೊಂದಾಗಿ ತಾಳೆ ನೋಡಿ ಅಂದಿನ ಗುಮಾಸ್ತರ ತಪ್ಪುಗಳನ್ನು ತಿದ್ದಿದ್ದಾರೆ. ಹೊಸದನ್ನೇ ನಂಬಿ. ಹಾಗಾದರೆ ಗ್ರೀನ್‌ಬರ್ಗ್ ಗೆರಿಗ್‌ಗೆ ಸಮನಾದರಲ್ಲ ಎಂದು ಖುಷಿಪಡುವ ಮುನ್ನ ಗೆರಿಗ್ ಅವರ 1931ರ ಸಾಲನ್ನೂ ನೋಡಿಬಿಡಿ. ಅದನ್ನೂ ತಿದ್ದಿದ್ದಾರೆ: 185.